ನೀಲವ್ವನ ಹೊಟ್ಟೆ

ರಕ್ತ ಕೊಡುವಂತೆ ಕರುಳಿನ ಬ್ಯಾಕ್ಟೀರಿಯಾವನ್ನೂ ಕೊಡುತ್ತಿದ್ದ ಕಾಲವದು. ಅಕ್ಕ ಗಂಗವ್ವನ ಕೀಲುಗಳ ಉರಿಯೂತ ಯಾವ ಔಷಧಕ್ಕೂ ಬಗ್ಗದಿದ್ದಾಗ ಹೊಂದಿಕೆಯಾದದ್ದು ತಂಗಿ ನೀಲವ್ವನ ಹೊಟ್ಟೆಯೊಂದೇ. ಅದಕ್ಕಾಗಿ ನೀಲವ್ವ ವರ್ಷವಿಡೀ ಜೋಳದ ರೊಟ್ಟಿ, ಕಾಳು, ಸೊಪ್ಪಿನಲ್ಲೇ ಕಳೆದಿದ್ದಳು. ನಿನ್ನೆ ಮಾತ್ರ ತಡೆಯಲಾಗದೆ ಬೇಕರಿಗೆ ಹೋಗಿದ್ದಳು.

ಈಗ ಉಸಿರಿನಿಂದಲೇ ಹೊಟ್ಟೆಯ ಉರಿ ಅಳೆಯುವ ಆಸ್ಪತ್ರೆಯ ಯಂತ್ರಕ್ಕೆ ಊದಿದಳು. ಕೆಂಪು ದೀಪ ಹತ್ತಿತು. ಪಕ್ಕದ ಗಾಲಿಕುರ್ಚಿಯಲ್ಲಿ ಗಂಗವ್ವ ಕಣ್ಣು ಮುಚ್ಚಿಕೊಂಡಳು.

“ಏನ್ ತಿಂದೀರಿ?” ನರ್ಸ್ ಗದರಿದಳು.

“ಕೇಕು...” ನೀಲವ್ವ ತಲೆ ತಗ್ಗಿಸಿದಳು. “ತಪ್ಪಾತ್ರಿ. ನಮ್ಮಕ್ಕನ ಗತಿ?”

ನರ್ಸ್ ಪರದೆಯನ್ನೇ ದಿಟ್ಟಿಸುತ್ತ ನಿಂತಳು.

“ಹೊಟ್ಟ್ಯಾಗಿನ ಉರಿ ಮ್ಯಾಲಿಂದು ಅಷ್ಟರಿ. ಒಂದಿನದ ಕೇಕಿಗೆ ವರ್ಷದ ಬ್ಯಾಕ್ಟೀರಿಯಾ ಸಾಯಂಗಿಲ್ಲ. ನಾಡಿದ್ದು ಬರ್ರಿ, ತಗೋತೀವಿ.”

ನೀಲವ್ವ ಅಕ್ಕನ ಕಾಲ ಬಳಿ ಕುಳಿತಳು. ಊದಿದ ಬೆರಳುಗಳಿಂದ ಅವಳ ತಲೆ ಸವರುತ್ತ ಗಂಗವ್ವ ಮೆಲ್ಲಗೆ ಕೇಳಿದಳು: “ಹೆಂಗಿತ್ತವ್ವಾ, ಕೇಕು?”