ಯಾರೂ ಮುಟ್ಟದ ನಂಬರು

ಲಾಟರಿ ಹತ್ತಿದವರ ಮನೆಗೆ ಸತ್ತವರೊಬ್ಬರು ಒಂದು ದಿನದ ಮಟ್ಟಿಗೆ ಬಂದು ಹೋಗುತ್ತಿದ್ದರು. ಟಿಕೀಟಿನ ಹಿಂದೆ ಅವರ ಹೆಸರು ಬರೆದರೆ ಸಾಕು. ಗಂಡ ಶಿವಪುತ್ರನಿಗಾಗಿ ಪಾರವ್ವ ಆರು ವರ್ಷದಿಂದ ಪ್ರತಿ ವಾರವೂ ಟಿಕೀಟು ಕೊಳ್ಳುತ್ತಿದ್ದಳು. ಒಮ್ಮೆ ಅವನು ಹುಟ್ಟಿದ ತಾರೀಖು, ಒಮ್ಮೆ ಮದುವೆಯ ತಾರೀಖು, ಯಾವುದೂ ಹತ್ತಲಿಲ್ಲ.

“ಯಾವ ನಂಬರ್ ತಗೊಂಡ್ರೂ ಅಷ್ಟ ರೀ ಅಕ್ಕಾರ,” ಎಂದು ಅಂಗಡಿಯ ಮಲ್ಲೇಶಿ ನಕ್ಕ.

ಪಾರವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇರೆ ಯಾರೂ ಮುಟ್ಟದ ನಂಬರು ಬೇಕೆಂದು, ಈ ಸಲ ಅವನು ಸತ್ತ ತಾರೀಖನ್ನೇ ಬರೆಸಿದಳು. ಅತ್ತೆಗೂ ಹೇಳಲಿಲ್ಲ. ಮನೆಯಲ್ಲಿ ಬಾಯಿಬಿಟ್ಟರೆ ನಂಬರು ಒಲಿಯುವುದಿಲ್ಲವೆಂದು ಆ ಓಣಿಯವರೆಲ್ಲ ನಂಬಿದ್ದರು.

ಭಾನುವಾರ ಬೆಳಿಗ್ಗೆ ಶಿವಪುತ್ರ ಬಾಗಿಲಲ್ಲಿ ನಿಂತಿದ್ದ. ಪಾರವ್ವ ಅಳುತ್ತಲೇ ಅವನನ್ನು ಒಳಗೆ ಕರೆದು, ಬಿಸಿರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು.

ಅಷ್ಟರಲ್ಲಿ ಹಿತ್ತಲಿಂದ ಅತ್ತೆಯ ಕೂಗು ಕೇಳಿತು: “ಪಾರವ್ವಾ, ನಾ ಅವ ಹೋದ ತಾರೀಖ ಬರಸಿದ್ದೆ, ಹತ್ತೇಬಿಡ್ತು! ನನ್ನ ಮಗಾ ಬಂದಾನ, ಬಾ ಇಲ್ಲೆ!”

ಶಿವಪುತ್ರನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

ಹಿತ್ತಲಿಂದ ಅವನದೇ ದನಿ ಕೇಳಿತು: “ಯವ್ವಾ, ಒಳಗ ಉಣ್ಣಾಕತ್ತಾಂವ ಯಾರು?”