ಹೊರಗಿನ ಚಿಲಕ

ಬಾಗಿಲಿನ ಹೊರಗಡೆ ಹೆಬ್ಬೆರಳು ಗಾತ್ರದ ಚಿಲಕವಿತ್ತು. ಒಳಗಡೆ ತಡವಿ ನೋಡಿದರೆ ಬರೀ ಮರ. ಮಗಳನ್ನು ಕರೆದುಕೊಂಡು ಅವಳಿಗೆ ಬಾಡಿಗೆ ಕೋಣೆ ನೋಡಲು ಬಂದಿದ್ದ ತಾಯಿಯ ಕೈ ಅಲ್ಲೇ ನಿಂತಿತು. ಯೂನಿವರ್ಸಿಟಿಗೆ ಕೂಗಳತೆ ದೂರ, ಮರ್ಯಾದಸ್ಥರ ಬಡಾವಣೆ ಎಂದು ಬೆಳಗಿನಿಂದ ಹಟ ಹಿಡಿದವಳು ಅವಳೇ. ಮಗಳು ಮೆಚ್ಚಿದ್ದ ಮಾರ್ಕೆಟ್ ಹಿಂದಿನ ಕೋಣೆ ಕಂಡು, "ಥೂ, ಏನು ಗಲಾಟೆ ಬೀದಿನೋ!" ಎಂದು ಮೂಗು ಮುರಿದಿದ್ದಳು.

"ಹೆಣ್ಣುಮಕ್ಕಳ ಸೇಫ್ಟಿ ನೋಡ್ಬೇಕಲ್ಲಮ್ಮ," ಎಂದ, ಕೋಣೆಯೊಳಗೆ ಕಿಟಕಿ ತೆರೆಯುತ್ತಿದ್ದ ಮನೆ ಯಜಮಾನ. "ಎಂಟು ಗಂಟೆಗೆ ನಾನೇ ಕೈಯಾರೆ ಚಿಲಕ ಹಾಕ್ತೀನಿ. ಬೆಳಗ್ಗೆ ನಾನೇ ತೆಗೀತೀನಿ."

"ನಿಮ್ಮ ಮಗನೂ ಇಲ್ಲೇ ಓದೋದು ಅಂದ್ರಲ್ಲ. ಅವನ ರೂಮಿಗೆ ಎಷ್ಟು ಗಂಟೆಗೆ ಹಾಕ್ತೀರಿ?" ಎಂದಳು ತಾಯಿ.

ಯಜಮಾನ ನಕ್ಕುಬಿಟ್ಟ. "ಗಂಡುಹುಡುಗನಿಗೆ ಎಂಥ ಚಿಲಕಮ್ಮ! ಯಾವಾಗ್ಲೋ ಹೋಗ್ತಾನೆ, ಯಾವಾಗ್ಲೋ ಬರ್ತಾನೆ."

ತಾಯಿಗೆ ಮೈಯೆಲ್ಲ ಉರಿದುಹೋಯಿತು. ಮಗಳ ರಟ್ಟೆ ಹಿಡಿದು ಹೊರಗೆ ಬಂದವಳೇ ಬಾಗಿಲೆಳೆದು ಚಿಲಕ ಜಡಿದಳು.

"ಏನಮ್ಮ ಇದು? ತೆಗೀರಿ!" ಯಜಮಾನ ಒಳಗಿನಿಂದ ದಬದಬ ಬಡಿಯತೊಡಗಿದ.

"ನಡಿಯೇ, ಮಾರ್ಕೆಟ್ ಹಿಂದಿನ ಕೋಣೇನೇ ಹಿಡಿಯೋಣ," ಎಂದು ಮಗಳಿಗೆ ಹೇಳಿ, ತಾಯಿ ಬಾಗಿಲಿನತ್ತ ತಿರುಗಿದಳು. "ಸೇಫ್ಟಿ ಸಾರ್! ನಿಮ್ಮ ಮಗ ಯಾವಾಗ್ಲೋ ಬರ್ತಾನಲ್ಲ, ಬಂದು ತೆಗೀತಾನೆ ಬಿಡಿ."