ಕೆಂಪರಾಜು ಬರೆದುಕೊಟ್ಟ ಹೆಸರು

ಕಾಲೇಜಿನ ಕಬಡ್ಡಿ ತಂಡಕ್ಕಾಗಿ ಜವರಪ್ಪ ಹನ್ನೊಂದು ವರ್ಷದಲ್ಲಿ ಎರಡು ಹಲ್ಲು, ಒಂದು ಮಂಡಿ ಕಳೆದುಕೊಂಡಿದ್ದ; ಸಿಕ್ಕಿದ್ದ ರೈಲ್ವೆ ಕೆಲಸವನ್ನೂ ಬಿಟ್ಟಿದ್ದ. ಅವನು ಹುಡುಗರಿಗೆ ಹಿಡಿತ ಕಲಿಸುವ ಕೋಚ್. ಪೇಪರಿನಲ್ಲಿ ಫೋಟೊ ಬರುತ್ತಿದ್ದುದು ಮಾತ್ರ ರೈಡ್ ಕಲಿಸುವ ಮುಖ್ಯ ಕೋಚ್ ಕೆಂಪರಾಜುವಿನದು. ಈಗ ಕೆಂಪರಾಜು ಬೇರೆ ಕಾಲೇಜಿಗೆ ಹೊರಟಿದ್ದ. ಆ ಜಾಗಕ್ಕಾಗಿ ಜವರಪ್ಪ ಕಾದು ಕೂತಿದ್ದ.

ಪ್ರಿನ್ಸಿಪಾಲ್ ಮೇಡಂ ಕರೆಸಿದರು. "ಜವರಪ್ಪನೋರೆ, ಕೆಂಪರಾಜು ತಮ್ಮ ಜಾಗಕ್ಕೆ ಒಬ್ರ ಹೆಸರು ಬರ್ದುಕೊಟ್ಟಿದಾರೆ. ನಿಮಗೆ ಹೇಳಿರ್ಬೇಕಲ್ಲ?"

ಹೇಳಿರಲಿಲ್ಲ. ಕೆಂಪರಾಜು ತನ್ನ ಭಾಮೈದನ ಹೆಸರನ್ನೇ ಬರೆದಿರಬೇಕೆಂದು ಜವರಪ್ಪನ ಹೊಟ್ಟೆ ಉರಿಯಿತು. ತನಗೆ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

"ಗೊತ್ತು ಮೇಡಂ. ಆ ಹೆಸರು ಬ್ಯಾಡ."

"ಯಾಕ್ರೀ?"

"ರೈಡ್ ಹೇಳ್ಕೊಡೋ ಯೋಗ್ಯತೆ ಇಲ್ಲ. ಬೇರೆ ಯಾರ್ನಾದ್ರೂ ನೋಡಿ."

"ನೀವೇ ಹೀಗಂದ್ರೆ ಹೇಗೆ?"

"ಇದ್ದದ್ದು ಹೇಳ್ದೆ ಮೇಡಂ. ಹೊಡ್ದಾಕಿ ಅತ್ಲಾಗೆ."

ಮೇಡಂ ನಿಟ್ಟುಸಿರುಬಿಟ್ಟು ಹೆಸರಿನ ಮೇಲೆ ಗೆರೆ ಎಳೆದರು. "ನಿಮ್ಮಷ್ಟು ಆಸೆಯಿಲ್ಲದ ಮನುಷ್ಯರನ್ನ ನಾನು ನೋಡಿಲ್ಲ" ಎಂದು ಕಾಗದವನ್ನು ಅವನ ಮುಂದೆ ಸರಿಸಿದರು.

ಗೆರೆ ಎಳೆದಿದ್ದ ಹೆಸರು ಜವರಪ್ಪನದು.